ತೌಡಿನ ಕೆಳಗೆ

ಚೌಕ ಬಾಣಲೆಯಲ್ಲಿ ಕಿಯೊಜಿ ಮೊಟ್ಟೆಯನ್ನು ಮೂರನೇ ಸಲ ಸುರುಳಿ ಸುತ್ತುವಾಗ ಒಂದು ಮೂಲೆ ಹರಿಯಿತು. ಹನ್ನೊಂದಕ್ಕೆ ಭಿಕ್ಷುಗಳು ಬರುತ್ತಾರೆ. ಮಂತ್ರ ಮುಗಿದ ಮೇಲೆ ಶವಪೆಟ್ಟಿಗೆಯೊಳಗೆ ಹೂವು, ಜೊತೆಗೆ ತೀರಿಕೊಂಡವರಿಗೆ ಇಷ್ಟವಾಗಿದ್ದ ತಿಂಡಿ ಇಡುವುದು ವಾಡಿಕೆ. ಅಮ್ಮನಿಗೆ ಏನಿಡೋಣ ಎಂದು ಮಗಳು ಚಿಹಾರು ಕೇಳಿದಾಗ ಅವನು ಹಿಂದೆಮುಂದೆ ನೋಡದೆ, "ನಾನು ಮಾಡೋ ಮೊಟ್ಟೆ ಸುರುಳಿ. ಒಂದು ಚೂರೂ ಬಿಡ್ತಿರ್ಲಿಲ್ಲ," ಎಂದಿದ್ದ.

"ಅಪ್ಪಾ, ಅಮ್ಮ ನಿಜವಾಗ್ಲೂ ತಿಂತಿದ್ಲಾ?" ಚಿಹಾರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಪೆಟ್ಟಿಗೆಗೆ ಇಳಿಸುವಾಗ ನಾನೂ ಹಿಡ್ಕೊಂಡಿದ್ನಲ್ಲ. ಭಾರಾನೇ ಇರ್ಲಿಲ್ಲ."

"ಎಷ್ಟು ಸಲ ಕೇಳ್ತೀಯೆ? ದಿನಾ ತಟ್ಟೆ ಖಾಲಿಯಾಗ್ತಿತ್ತು."

ಆಸ್ಪತ್ರೆಯ ವೈದ್ಯರೂ ಇದನ್ನೇ ಕೇಳಿದ್ದರು. ಹೊಟ್ಟೆಯಲ್ಲಿ ಅಷ್ಟು ದೊಡ್ಡ ಗಡ್ಡೆ ಇಟ್ಟುಕೊಂಡು ಊಟ ಹೇಗೆ ಇಳಿಯುತ್ತಿತ್ತು, ನೀವು ಗಮನಿಸಲಿಲ್ಲವೇ ಎಂದು. ಚೆನ್ನಾಗಿ ತಿನ್ನುತ್ತಿದ್ದಳು ಎಂದು ಇವನು ಗಟ್ಟಿಯಾಗಿ ಹೇಳಿ ಬಂದಿದ್ದ.

ಮೇಲಿನ ಮನೆಯ ನಿಶಿವಾಕಿ ಊದುಬತ್ತಿ ಹಚ್ಚಿ ಒಳಬಂದವಳು ಮೂಗೆಳೆದಳು. "ಕಿಯೊಜಿಯವ್ರೇ, ತಪ್ಪು ತಿಳ್ಕೋಬೇಡಿ. ಬಾಲ್ಕನೀಲಿ ಅವ್ಳು ಅಡುಗೆಮನೆ ಕಸ ಹಾಕಿ ಗೊಬ್ಬರ ಮಾಡ್ತಿದ್ದ ಬಕೆಟ್ಟಿಂದ ರಸ ತೆಗೆದು ಎಷ್ಟು ದಿನ ಆಯ್ತು?"

"ಅವ್ಳು ಆಸ್ಪತ್ರೆ ಸೇರಿದ್ಮೇಲೆ ನಾನು ಮುಟ್ಟಿಲ್ಲ."

"ಅಂದ್ರೆ ಹತ್ತು ದಿನ, ಅದೂ ಈ ಸೆಕೇಲಿ. ಬೇಗ ಬಗ್ಗಿಸಿಬಿಡಿ. ತಳದ ನಲ್ಲಿ ಕಟ್ಟಿಕೊಂಡಿದ್ರೆ ಮುಚ್ಚಳ ತೆಗ್ದು ಮೇಲಿಂದ ಒತ್ತಿ. ವಾಸನೆ ಅಂತ ನಾನೇನೋ ಅವಳ ಹತ್ರ ಜಗಳ ಆಡ್ತಿದ್ದೆ. ಇವತ್ತಿನ ದಿನ ಬೇರೆಯವ್ರು ಅನ್ನೋದು ಬೇಡ."

*

ಮೇ ತಿಂಗಳಲ್ಲಿ ಹೆಂಡತಿ ಫುಸಾಯೆ ಸುಸ್ತು ಎಂದಾಗ ಅಡುಗೆ ಅವನ ಪಾಲಿಗೆ ಬಂತು. ನಲವತ್ತು ವರ್ಷ ಬಸ್ಸು ಓಡಿಸಿದವನಿಗೆ ಮೊಟ್ಟೆ ಸುತ್ತಲು ಬಂದದ್ದೇ ದೊಡ್ಡ ಹೆಮ್ಮೆ.

"ನೀವು ಸ್ನಾನಕ್ಕೆ ಹೋಗಿ. ಎದುರಿಗೆ ಕೂತು ಬಾಯಿ ನೋಡ್ತಿದ್ರೆ ನಂಗೆ ತಿನ್ನಕ್ಕಾಗಲ್ಲ," ಎಂದು ಅವಳು ನಕ್ಕಳು.

ಅವನು ಬರುವಷ್ಟರಲ್ಲಿ ತಟ್ಟೆ ಖಾಲಿ. ಅವಳು ಬಾಲ್ಕನಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಸ ಗೊಬ್ಬರವಾಗಲೆಂದು ಹುಳಿ ಬರಿಸಿದ ತೌಡನ್ನು ಬಕೆಟ್ಟಿನೊಳಗೆ ಉದುರಿಸುತ್ತಿದ್ದಳು.

"ಹೇಗಿತ್ತು?"

"ಸಕ್ಕರೆ ಒಂಚೂರು ಜಾಸ್ತಿ. ನಾಳೆ ಕಮ್ಮಿ ಹಾಕಿ."

ಮಾರನೆಯ ದಿನ ಅವನು ಕಮ್ಮಿ ಹಾಕಿದ.

*

ನಲ್ಲಿಯಿಂದ ನಾಲ್ಕು ಹನಿ ಕಂದು ರಸ ಬಿದ್ದು ನಿಂತುಹೋಯಿತು. ಒಳಗೆ ಯಾರೋ ಭಿಕ್ಷುಗಳನ್ನು ಸ್ವಾಗತಿಸುತ್ತಿದ್ದರು. ಕಿಯೊಜಿ ಉಸಿರು ಬಿಗಿಹಿಡಿದು ಮುಚ್ಚಳ ಎತ್ತಿದ. ಕೊಳೆತ ನಾತವೇನೂ ಇರಲಿಲ್ಲ. ಮೇಲೆ ಬಿಳಿ ಬೂಷ್ಟು, ಉಪ್ಪಿನಕಾಯಿಯಂಥ ಹುಳಿ ವಾಸನೆ. ಸದ್ಯ ಮಾನ ಉಳಿಯಿತು ಎಂದುಕೊಂಡು ಒತ್ತಲು ಕೈಯಿಟ್ಟ. ತೌಡು ಸರಿಯಿತು.

ಈ ಬಕೆಟ್ಟಿಗೆ ಹಾಕಿದ್ದು ಮಣ್ಣು ಸೇರುವ ತನಕ ಕರಗುವುದಿಲ್ಲ, ಇದ್ದ ಆಕಾರದಲ್ಲೇ ಹುಳಿಯುತ್ತದೆ. ಮೊಟ್ಟೆ ಸುರುಳಿಯ ತುಂಡುಗಳು ಅವನು ಕತ್ತರಿಸಿದ ಹಾಗೇ ಸಾಲಾಗಿದ್ದವು. ಅದರ ಮೇಲೆ ತೌಡು, ಕೆಳಗೆ ಇನ್ನೊಂದು ದಿನದ ಸಾಲು, ಅದರ ಕೆಳಗೆ ಮತ್ತೊಂದು. ಒಂದರಲ್ಲೂ ಹಲ್ಲಿನ ಗುರುತಿರಲಿಲ್ಲ. ಅವನು ತಳದವರೆಗೆ ನೋಡಲಿಲ್ಲ. ಅಷ್ಟು ಧೈರ್ಯ ಅವನಿಗಿರಲಿಲ್ಲ.

"ಅಪ್ಪಾ, ಎಲ್ಲಾರೂ ಕಾಯ್ತಿದಾರೆ. ಅಮ್ಮಂಗೆ ಎಷ್ಟು ತುಂಡು ಇಡೋಣ?" ಚಿಹಾರು ಮೊಟ್ಟೆಯ ತಟ್ಟೆ ಹಿಡಿದು ಬಂದಿದ್ದಳು. ಅವನ ಮುಖ ನೋಡಿದಳು, ಆಮೇಲೆ ಬಕೆಟ್ಟು ನೋಡಿದಳು.

"ಹೂವು ಸಾಕಮ್ಮ," ಎಂದ ಕಿಯೊಜಿ. "ಇನ್ನು ಅವಳಿಗೆ ಬಲವಂತ ಮಾಡೋದು ಬೇಡ."

ಮಗಳ ಕೈಯಿಂದ ತಟ್ಟೆ ತೆಗೆದುಕೊಂಡು, ಇನ್ನೂ ಬಿಸಿಯಾಗಿದ್ದ ತುಂಡುಗಳನ್ನು ಒಂದೊಂದಾಗಿ ಹಳೆಯವುಗಳ ಮೇಲೆ ಜೋಡಿಸಿದ. ಒಂದು ಹಿಡಿ ತೌಡು ಉದುರಿಸಿ, ಗಾಳಿಯಾಡದಂತೆ ಅಂಗೈಯಿಂದ ಮೆಲ್ಲಗೆ ಒತ್ತಿದ.