ಬೆಲ್ಲಾಳ ಬಲಗೈ

ಚೆಂಡಿನ ಸದ್ದು ಸರಿಯಿಲ್ಲ, ರ‍್ಯಾಕೆಟ್ಟಿನ ನಡುವೆ ಬಿದ್ದರೆ ಹೀಗೆ ಕೇಳುವುದಿಲ್ಲ, ಇದು ಅಂಚಿಗೆ ತಗಲಿದ ಮೊದ್ದು ಸದ್ದು — ಮತ್ತೆ ಅದೇ — ಮೊಮ್ಮಗಳು ತೋಳು ಪೂರ್ತಿ ಎತ್ತುತ್ತಿಲ್ಲ, ಸೊಂಟ ಓರೆ ಮಾಡಿ ಹೇಗೋ ಸರ್ವ್ ಮಾಡುತ್ತಿದ್ದಾಳೆ, ಯಾರಿಗೂ ಕಾಣುತ್ತಿಲ್ಲವೆ, ಪಕ್ಕದಲ್ಲೇ ಕುಳಿತಿರುವ ರಯಾನ್‌ಗೂ ಕಾಣುತ್ತಿಲ್ಲವೆ, ಕಮಾನ್ ವೆನಿಶಾ, ಎಂದು ಚಪ್ಪಾಳೆ ತಟ್ಟುತ್ತಾನೆ ನನ್ನ ಮಗ, ಜೂನ್ ತಿಂಗಳಲ್ಲೂ ಲಂಡನ್ನಿನ ಈ ಹ್ಯಾರೋದ ಗಾಳಿ ಮಂಡಿಯೊಳಗೆ ಹೋಗುತ್ತದೆ, ಕಂಬಳಿ ಹೊದೆಸಿದ್ದಾನೆ, ಒಳ್ಳೆಯ ಮಗನೇ, ಆಚೆ ಕುಳಿತವರಿಗೆ ಆಗಲೇ ಹೇಳಿಯಾಯಿತು, ನಮ್ಮ ಮಮ್ಮಿ ಚಾಂಪಿಯನ್ ಆಗಿದ್ದವರು, ಇಂಡಿಯಾದಲ್ಲಿ, ಹೆಂಗಸರು ಆಡುವುದೇ ಅಪರೂಪವಾಗಿದ್ದ ಕಾಲದಲ್ಲಿ, ಇಟ್ಸ್ ಇನ್ ದ ಬ್ಲಡ್ — ರಕ್ತದಲ್ಲಂತೆ. ರಕ್ತದಲ್ಲಲ್ಲ, ಹೆಂಚಿನ ಪುಡಿಯಲ್ಲಿತ್ತು, ಪಪ್ಪಾ ಮೇಲ್ವಿಚಾರಕನಾಗಿದ್ದ ಮಂಗಳೂರಿನ ಹೆಂಚಿನ ಕಾರ್ಖಾನೆಯ ಹಿಂದೆ, ಒಡೆದ ಹೆಂಚು ಕುಟ್ಟಿ ಹರಡಿದ ಟೆನಿಸ್ ಕೋರ್ಟು, ದೊರೆಗಳು ಆಡುವ ಜಾಗ, ಸಂಜೆ ಅವರು ಹೋದ ಮೇಲೆ ಪಪ್ಪಾ ಮತ್ತು ನಾನು, ಬಿಳಿ ಕ್ಯಾನ್ವಾಸ್ ಬೂಟು ಕೆಂಪಾಗಿ ಮನೆಗೆ ಬಂದರೆ ಅಮ್ಮ ಅದನ್ನು ಬಾಗಿಲಾಚೆಗೆ ಎಸೆಯುತ್ತಿದ್ದಳು. ಹದಿನಾಲ್ಕನೇ ವಯಸ್ಸಿಗೆ ಮ್ಯಾನೇಜರನ ಹೆಂಡತಿಯನ್ನು ಸೋಲಿಸಿದೆ, ದೊರೆಸಾನಿ ಬಂದು ಕೈ ಕುಲುಕಿದಳು, ಮುಂದಿನ ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಹೆಣ್ಣುಮಕ್ಕಳ ಕಾಲಿನ ಬಗ್ಗೆ ಪ್ರಸಂಗ ಮಾಡಿದರು, ಯಾರ ಕಾಲು ಅಂತ ಎಲ್ಲರಿಗೂ ಗೊತ್ತು, ಅಮ್ಮ ಲಂಗವನ್ನು ಪಾದದವರೆಗೆ ಉದ್ದ ಹೊಲಿದಳು, ಬೆಂಗಳೂರಿನ ಪಂದ್ಯಾವಳಿಗೆ ಹೋಗುವ ರೈಲಿನಲ್ಲಿ ಪಪ್ಪಾ ಕತ್ತರಿ ತೆಗೆದು ಮಂಡಿಯವರೆಗೆ ಕತ್ತರಿಸಿಬಿಟ್ಟ, ನಗುತ್ತಾ, ಓಡುವವಳಿಗೆ ಇಷ್ಟು ಬಟ್ಟೆ ಯಾಕೆ ಪುತಾ, ಯಾಕೆ ಮಗಳೇ, ನಾನೂ ನಕ್ಕೆ, ಗೆದ್ದೆ, ಮಾರನೇ ವರ್ಷವೂ ಗೆದ್ದೆ, ಎಷ್ಟು ಪ್ರೀತಿ ಇತ್ತು ಪಪ್ಪಾನಿಗೆ, ಪ್ರೀತಿ ಇಲ್ಲದಿದ್ದರೆ ನಾನು ಸಿಟ್ಟಾದರೂ ಮಾಡಬಹುದಿತ್ತು.

ಫಾಲ್ಟ್, ಎನ್ನುತ್ತಾರೆ ಎತ್ತರದ ಕುರ್ಚಿಯ ಅಂಪೈರ್, ವೆನಿಶಾ ಬೆನ್ನು ತಿರುಗಿಸಿ ನಿಂತಿದ್ದಾಳೆ, ಭುಜವನ್ನು ಕಿವಿಯ ಕಡೆ ಎಳೆದುಕೊಂಡು — ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲೂ ಹೀಗೇ ನಿಂತಿದ್ದಳು, ಮೇಲಿನ ಕಪಾಟಿನ ಕಾರ್ನ್‌ಫ್ಲೇಕ್ಸ್‌ಗೆ ಬಲಗೈ ಏರಲಿಲ್ಲ, ಎಡಗೈಯಲ್ಲಿ ತೆಗೆದಳು, ಹಿಂದೆ ನಾನಿದ್ದೆ, ಎಲ್ಲಿ ತೋರಿಸು ಅಂದೆ, ಕಣ್ಣಲ್ಲಿ ನೀರು, ಗ್ರ್ಯಾನ್, ಡೋಂಟ್ ಟೆಲ್ ಡ್ಯಾಡ್, ಜಸ್ಟ್ ಟುಡೇ. ಇವತ್ತೊಂದೇ ದಿವಸ. ಅದೇ ಮಾತು, ಮದ್ರಾಸಿನ ಲಾಡ್ಜಿನಲ್ಲಿ ಪಪ್ಪಾ ತೆಂಗಿನೆಣ್ಣೆ ಬಿಸಿ ಮಾಡಿ ನನ್ನ ಭುಜಕ್ಕೆ ತಿಕ್ಕುತ್ತಾ, ಬಟ್ಟೆ ಸುತ್ತಿ ಬಿಗಿಯುತ್ತಾ, ಇವತ್ತೊಂದೇ ದಿವಸ ಪುತಾ, ಫೈನಲ್ ಆಗಲಿ, ಆಮೇಲೆ ತಿಂಗಳುಗಟ್ಟಲೆ ಆಡಬೇಡ. ಆಡಲೇ ಇಲ್ಲ ಆಮೇಲೆ. ಕೊನೆಯ ಸರ್ವ್‌ನಲ್ಲಿ ಭುಜದೊಳಗೆ ಬಟ್ಟೆ ಹರಿದ ಹಾಗೆ ಸದ್ದು, ಹೊರಗೆ ಯಾರಿಗೂ ಕೇಳಿಸಲಿಲ್ಲ, ಎಲ್ಲರೂ ಎದ್ದು ನಿಂತು ಚಪ್ಪಾಳೆ, ಕಪ್ಪನ್ನು ಎಡಗೈಯಲ್ಲಿ ತೆಗೆದುಕೊಂಡೆ, ಪೇಪರಿನವರು ಎಡಗೈ ಆಟಗಾರ್ತಿ ಮಿಸ್ ಬೆಲ್ಲಾ ಅಂತ ಬರೆದರು, ಹತ್ತೊಂಬತ್ತು ವರ್ಷ ನನಗೆ, ಪಪ್ಪಾ ಸಾಯುವವರೆಗೆ ನನ್ನ ಬಲಗೈಯ ಕಡೆ ನೋಡಲಿಲ್ಲ, ಮುಖ ನೋಡಿ ಮಾತಾಡುತ್ತಿದ್ದ, ಕೈ ಕಂಡರೆ ಕಿಟಕಿಯ ಕಡೆ ತಿರುಗುತ್ತಿದ್ದ. ನನ್ನ ಗಂಡ ಸಿಪ್ರಿಯನ್ ನೋಡಿದ, ಪಾಪ, ಮದುವೆಯಾದ ಮಾರನೇ ಬೆಳಿಗ್ಗೆಯೇ ಬಾಚಣಿಗೆ ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಾಚಿದ, ಲಂಡನ್ನಿಗೆ ಬಂದು ಬಸ್ ಓಡಿಸುವಾಗಲೂ ಬೆಳಗಿನ ಶಿಫ್ಟಿಗೆ ಹೋಗುವ ಮೊದಲು ನನ್ನ ತಲೆ ಬಾಚಿ ಜಡೆ ಹಾಕಿಯೇ ಹೋಗುತ್ತಿದ್ದ, ಆತ ತೀರಿಕೊಂಡ ವಾರವೇ ಕೂದಲು ಕತ್ತರಿಸಿಬಿಟ್ಟೆ. ರಯಾನ್‌ಗೆ ಮಾತ್ರ ಹೇಳಲೇ ಇಲ್ಲ, ಅವನ ಲೆಕ್ಕದಲ್ಲಿ ಮಮ್ಮಿಗೆ ವಾತ, ಅಷ್ಟೆ.

ಡಬಲ್ ಫಾಲ್ಟ್. ರಯಾನ್, ನಿಲ್ಲಿಸು ಇದನ್ನು, ಅವಳ ಭುಜ ನೋಡು, ಅನ್ನುತ್ತೇನೆ, ಮಮ್ಮಿ, ಇನ್ನೆರಡು ಗೇಮ್, ಅಕಾಡೆಮಿಗೆ ಆರಿಸುವವರು ಅಲ್ಲಿ ಕೂತಿದ್ದಾರೆ ನೋಡಿ, ಮುಂದಿನ ವಾರ ಜಿಪಿ ಡಾಕ್ಟರಿಗೆ ತೋರಿಸಿದರಾಯಿತು, ಕಾರಿನಲ್ಲೇ ನೋವಿನ ಮಾತ್ರೆ ಕೊಟ್ಟಿದ್ದೇನೆ — ಕೊಟ್ಟಿದ್ದೇನೆ ಅಂದನೆ? ಗೊತ್ತಿತ್ತೆ ಇವನಿಗೆ? ಆ ಹುಡುಗಿ ಅಪ್ಪನಿಂದ ಮುಚ್ಚಿಡುತ್ತಾಳೆ, ಅಪ್ಪ ಗೊತ್ತಿಲ್ಲದವನ ಹಾಗೆ ಮಾತ್ರೆ ಕೊಡುತ್ತಾನೆ, ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ನಾಜೂಕು — ಕಂಬಳಿ ಜಾರಿತು, ನಾನು ಎದ್ದಿದ್ದೇನೆ, ಮಮ್ಮಿ ಕೂತ್ಕೊಳ್ಳಿ, ಮಮ್ಮಿ ಪ್ಲೀಸ್, ಗೇಟಿನ ಚಿಲಕ ಎಡಗೈಗೆ ಸುಲಭ, ಕೋರ್ಟು ಇಲ್ಲಿ ಹಸಿರು, ಬೂಟಿಗೆ ಮೆತ್ತನೆ, ಎಕ್ಸ್‌ಕ್ಯೂಸ್ ಮಿ ಮೇಡಮ್, ಅನ್ನುತ್ತಾರೆ ಅಂಪೈರ್, ಎದುರಾಳಿ ಹುಡುಗಿ ಬಾಯಿ ತೆರೆದು ನಿಂತಿದ್ದಾಳೆ, ರಯಾನ್ ಹಿಂದೆಯೇ ಓಡಿ ಬರುತ್ತಿದ್ದಾನೆ, ಬರಲಿ, ಅವನ ಕಡೆ ತಿರುಗಿ ಬಲಗೈ ಎತ್ತುತ್ತೇನೆ, ಎದೆಯವರೆಗೆ ಬರುತ್ತದೆ, ಅಲ್ಲಿ ನಿಲ್ಲುತ್ತದೆ, ನಡುಗುತ್ತದೆ, ಎಲ್ಲರ ಎದುರಿಗೆ ನಡುಗಲಿ, ಇದು ವಾತ ಅಲ್ಲ ಪುತಾ, ಇದು ಮದ್ರಾಸು, ನಿನ್ನ ಅಜ್ಜ ಎಣ್ಣೆ ತಿಕ್ಕಿ ಕಳಿಸಿದ ಕೈ ಇದು, ಸರಿಯಾಗಿ ನೋಡು. ಅವನು ನೋಡುತ್ತಾನೆ. ಕಿಟಕಿ ಇಲ್ಲ ಇಲ್ಲಿ ತಿರುಗಲಿಕ್ಕೆ. ವೆನಿಶಾಳ ಮುಖ ಕೆಂಪಗೆ, ಬೆವರು, ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲವೇನೋ, ಐ ಹೇಟ್ ಯೂ, ಅನ್ನುತ್ತಾಳೆ, ಗೋ ಅವೇ ಗ್ರ್ಯಾನ್, ಗೋ ಅವೇ, ಅನ್ನುತ್ತಾಳೆ, ಹೋಗಬೇಕು ನಾನು, ಹೋಗುತ್ತೇನೆ, ಆದರೆ ಹೇಗೆ ಹೋಗಲಿ, ನನ್ನ ಕೋಟಿನ ತೋಳನ್ನು ಹಿಡಿದಿದ್ದಾಳೆ, ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ, ರಯಾನ್ ಏನೋ ಹೇಳುತ್ತಿದ್ದಾನೆ, ಅಂಪೈರ್ ಇಳಿದು ಬರುತ್ತಿದ್ದಾರೆ, ಗೋ ಅವೇ ಅನ್ನುತ್ತಲೇ ಇದ್ದಾಳೆ — ಆ ಬೆರಳುಗಳು, ಬಿಡುತ್ತಿಲ್ಲ — ಬಟ್ಟೆಯೊಳಗೆ ಹೂತುಹೋದ, ಬೆಳ್ಳಗಿನ ಆ ಬೆರಳುಗಳು —