ಗುಬ್ಬಿಯ ನಕ್ಷೆಯಲ್ಲಿ ಕೆಂಪು ಮೆಟ್ಟಿಲು

ಗುಬ್ಬಿಗೆ ಒಂಬತ್ತು ವರ್ಷ. ಕೆಲವು ತಿಂಗಳಿಂದ ಅವಳು ತುದಿಗಾಲಲ್ಲೇ ನಡೆಯುತ್ತಿದ್ದಳು, ಮೋಡದ ಮೇಲೆ ಕಾಲಿಡುವವಳ ಹಾಗೆ. ಅಮ್ಮನ ಇಸ್ತ್ರಿ ಅಂಗಡಿಯಲ್ಲಿ ಹಬೆ ಎದ್ದಾಗ, ಆ ಬಿಳಿ ಮಬ್ಬಿನಲ್ಲಿ ಮಗಳು ಸದ್ದಿಲ್ಲದೆ ತೇಲಿಹೋದಂತೆ ಕಾಣುತ್ತಿತ್ತು.

"ನೋಡೇ, ನೆಲಕ್ಕೆ ನೋವಾಗದ ಹಾಗೆ ನಡೀತಾಳೆ ನನ್ನ ಮೊಮ್ಮಗಳು," ಎಂದು ಅಜ್ಜಿ ನಗುತ್ತಿದ್ದಳು.

ಆ ಊರಿನ ನಗರಸಭೆ ಪ್ರತಿ ವಾರ್ಡಿನ ಮಕ್ಕಳನ್ನು ಕೂರಿಸಿ ಅವರ ಬೀದಿಯ ನಕ್ಷೆ ಬರೆಸುತ್ತಿತ್ತು. ಇಷ್ಟದ ಜಾಗಕ್ಕೆ ನೀಲಿ, ಭಯದ ಜಾಗಕ್ಕೆ ಕೆಂಪು. ಗುಬ್ಬಿಯ ಹಾಳೆಯಲ್ಲಿ ಬೀದಿಗೆ ಬೀದಿಯೇ ನೀಲಿ ನದಿ, ಮನೆಗಳೆಲ್ಲ ದೋಣಿಗಳು. ಕೆಂಪು ಒಂದೇ ಕಡೆ: ಅಂಗಡಿಯ ಪಕ್ಕದ ಮೆಟ್ಟಿಲು. ಅದು ಹತ್ತುವುದು ಟ್ಯೂಷನ್ ಮೇಷ್ಟ್ರ ಕೋಣೆಗೆ.

"ಅಲ್ಲಿ ಕತ್ತಲೆ ಅಲ್ವಾ, ಅದಕ್ಕೇ," ಎಂದಳು ಅಮ್ಮ. ನಗರಸಭೆಯವರಿಗೂ ಹಾಗೇ ಅನಿಸಿತು. ವಾರದೊಳಗೆ ನಗರಸಭೆಯ ಬೀದಿದೀಪದವನು, ಎಲ್ಲರ ಲೈಟಣ್ಣ, ಏಣಿ ಹೊತ್ತು ಬಂದು ಬಲ್ಬ್ ಹಾಕಿದ. ಹದಿನಾಲ್ಕು ಮೆಟ್ಟಿಲೂ ಹಾಲು ಚೆಲ್ಲಿದಂತೆ ಬೆಳಗಿದವು.

ಮೂರು ತಿಂಗಳಾದ ಮೇಲೆ ಮಕ್ಕಳು ಮತ್ತೆ ನಕ್ಷೆ ಬರೆದರು. ಮರುದಿನ ಲೈಟಣ್ಣ ಏಣಿಯಿಲ್ಲದೆ ಬಂದ. ಕೈಯಲ್ಲಿ ಗುಬ್ಬಿಯ ಹಾಳೆ.

"ಅಕ್ಕಾ, ನಕ್ಷೆ ನೋಡೋ ವಾರ್ಡ್ ಸಮಿತಿಯವರು ಕಳಿಸಿದ್ರು. ನನ್ನ ಬಲ್ಬ್ ಚೆನ್ನಾಗೇ ಉರೀತಾ ಇದೆ. ಆದ್ರೂ ಮೆಟ್ಟಿಲು ಕೆಂಪಗೇ ಇದೆ ನೋಡಿ."

"ನೀನು ಬಲ್ಬ್ ಹಾಕೋನು, ಬಲ್ಬ್ ನೋಡ್ಕೊಳಪ್ಪಾ," ಎಂದಳು ಅಜ್ಜಿ. "ಮಕ್ಕಳು ಕೈಗೆ ಸಿಕ್ಕಿದ ಬಣ್ಣ ಬಳೀತವೆ."

"ಕಸ ಗುಡಿಸೋರು, ನೀರು ಬಿಡೋರು, ನಾನು, ಎಲ್ರಿಗೂ ನಗರಸಭೆ ತರಬೇತಿ ಕೊಟ್ಟಿದೆ ಅಜ್ಜಿ. ಮಗು ತೋರಿಸಿದ್ದನ್ನ ಎರಡು ಸಲ ನೋಡಿ ಅಂದಿದ್ದಾರೆ. ಮೊದಲನೇ ಸಲ ನಾವೂ ತಪ್ಪಾಗಿ ನೋಡಿದ್ವಿ."

ಅಮ್ಮ ಮಗಳ ತುದಿಗಾಲು ನೋಡಿದಳು, ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಮಗಳನ್ನು ಮೇಜಿನ ಮೇಲೆ ಕೂರಿಸಿ ಪಾದ ತಿರುಗಿಸಿದಳು. ಹಿಮ್ಮಡಿಯಿಂದ ಅಂಗಾಲಿನ ನಡುವಿನ ತನಕ ಅಡ್ಡಡ್ಡ ಬಾಸುಂಡೆ.

"ಲೆಕ್ಕ ತಪ್ಪಿದ್ರೆ ಸ್ಕೇಲಲ್ಲಿ ಹೊಡೀತಾರೆ. ಇಲ್ಲಿ ಹೊಡೆದ್ರೆ ಯಾರಿಗೂ ಕಾಣಲ್ವಂತೆ," ಎಂದಳು ಗುಬ್ಬಿ, ಕನಸಿನಲ್ಲಿ ಮಾತಾಡುವವಳಂತೆ.

ಅಜ್ಜಿಯ ದನಿ ಇಳಿಯಿತು. "ಏಟು ನಾವೂ ತಿಂದೇ ಬೆಳೆದ್ವಿ... ದೂರು ಕೊಟ್ರೆ ನಾಳೆ ಮಗು ಹೆಸರೇ ಬೀದಿಗೆ ಬರುತ್ತೆ."

"ಬರಲ್ಲ ಅಜ್ಜಿ. ವಾರ್ಡ್ ಕಚೇರೀಲಿ ಮಕ್ಕಳ ರಕ್ಷಣಾ ಸಮಿತಿ ಇದೆ. ಹೆಸರು ಗುಟ್ಟಾಗಿಡ್ತಾರೆ. ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರೆ. ಒಬ್ರು ಮೇಡಂ ಪಕ್ಕದಲ್ಲಿ ಕೂತು ಮಗು ಮಾತು ಕೇಳ್ತಾರೆ. ಪೊಲೀಸರಿಗೂ ಅವರೇ ತಿಳಿಸ್ತಾರೆ. ನೀವು ಸುಮ್ಮನಿದ್ರೆ, ಮೇಲೆ ಟ್ಯೂಷನ್ನಿಗೆ ಬರೋ ಇನ್ನೂ ಹನ್ನೊಂದು ಮಕ್ಕಳಿದಾರೆ."

ಅಜ್ಜಿ ಆ ಪುಟ್ಟ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಗುಬ್ಬಿಯ ಅಮ್ಮನಿಗೆ ಹೇಳಿದಳು: "ಅಂಗಡಿ ಬಾಗಿಲು ಹಾಕೇ. ನಾನೂ ಬರ್ತೀನಿ. ಈ ನಡಿಗೆ ನೋಡಿ ನಕ್ಕವಳು ನಾನೇ ತಾನೆ."

ಅದೇ ವಾರ ಮೇಲಿನ ಕೋಣೆಗೆ ಬೀಗ ಬಿತ್ತು. ಮೇಷ್ಟ್ರ ಮೇಲೆ ಕೇಸಾಯಿತು. ದೂರು ಯಾವ ಮನೆಯಿಂದ ಹೋಯಿತೆಂದು ಬೀದಿಗೆ ಇವತ್ತಿಗೂ ಗೊತ್ತಿಲ್ಲ.

ಈಗ ಹಬೆಯ ಮಬ್ಬಿನೊಳಗಿಂದ ಧಪ್ ಧಪ್ ಎಂದು ಸದ್ದು ಬರುತ್ತದೆ. "ಬಂತಪ್ಪಾ ಆನೆ!" ಎನ್ನುತ್ತಾಳೆ ಅಜ್ಜಿ. ಬೈಯುವುದಿಲ್ಲ.

ಓದುವವರೇ, ಮಕ್ಕಳ ಮೇಲಿನ ಹೊಡೆತಕ್ಕೆ 'ಬುದ್ಧಿ ಕಲಿಸುವುದು' ಎಂದು ಹೆಸರಿಟ್ಟವರು ನಾವೇ. ಆ ಹೆಸರನ್ನು ನಾವೇ ಕಿತ್ತುಹಾಕಬೇಕು. ನಿಮ್ಮ ವಾರ್ಡಿನಲ್ಲಿ ಇಂಥ ಸಮಿತಿ ಇದ್ದರೆ ಹೋಗಿ ಹೇಳಿ. ಇಲ್ಲದಿದ್ದರೆ, ಯಾಕಿಲ್ಲ ಎಂದು ಬಾಗಿಲು ಬಡಿದು ಕೇಳಿ. ಅದಕ್ಕೂ ಮೊದಲು, ಇವತ್ತು ನಿಮ್ಮ ಮಗು ನಡೆಯುವುದನ್ನು ಒಮ್ಮೆ ನೋಡಿ.

ಹಿಮ್ಮಡಿ ನೆಲ ಮುಟ್ಟುತ್ತಿದೆಯೇ?