ಹುಲ್ಲಿನ ಹಾಗೆ ಕಾಣುವ ಗಿಡ

ಪಾಚಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಬ್ಯಾಗು ಮೂಲೆಗೆಸೆದು ಸೋದರಮಾವನ ನರ್ಸರಿ ಸೇರಿದ್ದ. ಅಂದಿನಿಂದ ಹನ್ನೊಂದು ವರ್ಷ, ಸೊಂಟದ ಮಟ್ಟ ಕೆಸರಿನಲ್ಲಿ ನಿಂತು ಕಂಡವರ ಮನೆಯ ಕೊಳಗಳಿಗೆ ಗಿಡ ಕೂರಿಸಿದ್ದೇ ಬಂತು. ಪಾಚಿ ಎಂಬ ಹೆಸರೂ ಮಾವ ಇಟ್ಟದ್ದೇ. ಆದರೆ ನೀರಿನ ಗಿಡಗಳ ಮಾತು ಬಂದರೆ ಡಿಗ್ರಿ ಮಾಡಿದವರೂ ಅವನ ಮುಂದೆ ಬಾಯಿ ಮುಚ್ಚಬೇಕು. ಅವನಿಗಿದ್ದ ಜಂಭ ಅದೊಂದೇ. ಅದನ್ನು ಮೊದಲ ದಿನವೇ ಮೂಸಿ ಹಿಡಿದವಳು ಕೊಳಕ್ಕೆ ಗಿಡ ಬೇಕೆಂದು ಕರೆಸಿದ್ದ ಒಂದು ದೊಡ್ಡ ಮನೆಯ ಸೊಸೆ.

"ಓದಿದೋರಿಗೂ ಇಷ್ಟು ಗೊತ್ತಿರಲ್ಲ ಬಿಡಿ," ಅಂದಳು. ಪಾಚಿಯನ್ನು ಬಹುವಚನದಲ್ಲಿ ಮಾತಾಡಿಸಿದ ಗಿರಾಕಿ ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಅವನು ಹಿಗ್ಗಿಹೋದ.

ಮನೆಯ ಹಿಂದೆ ಹುಲ್ಲುಹಾಸು. ಅದರ ನಡುವೆ ಎದೆಮಟ್ಟ ಆಳದ ಕೊಳ, ಸುತ್ತ ಗೇಣೆತ್ತರದ ಕಲ್ಲಿನ ಅಂಚು. ನೀರು ಕಪ್ಪಗಿತ್ತು. ಹುಲ್ಲಿನ ಮೇಲೆ ಒಬ್ಬ ಮುದುಕಿ ಬರಿಗಾಲಲ್ಲಿ, ಕೈಯಲ್ಲಿ ಕೋಲೂ ಇಲ್ಲದೆ, ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಕೊಳದ ಹತ್ತಿರ ಬಂದಾಗ ಮಾತ್ರ ಅಳೆದಿಟ್ಟ ಹಾಗೆ ಸುತ್ತು ಹಾಕಿ ಹೋಗುತ್ತಿದ್ದಳು.

"ನಮ್ಮತ್ತೆ," ಅಂದಳು ಸೊಸೆ. "ಕಣ್ಣು ಹೋಗಿದೆ. ಬಣ್ಣ ಒಂದು ಗೊತ್ತಾಗುತ್ತೆ, ಅಷ್ಟೆ. ಹಸಿರು ಕಂಡ್ರೆ ಹುಲ್ಲು, ಬೆಳ್ಳಗೆ ಕಂಡ್ರೆ ಕಲ್ಲು, ಕಪ್ಪು ಕಂಡ್ರೆ ನೀರು. ಬೆಳಿಗ್ಗೆ ಅರ್ಧ ಗಂಟೆ ನಡೀಲೇಬೇಕು, ಹಟ. ನಮ್ಮೆಜಮಾನ್ರಿಗೇನು, ತಿಂಗಳಲ್ಲಿ ಇಪ್ಪತ್ತು ದಿನ ಟೂರು. ಹನ್ನೆರಡು ವರ್ಷ ಆಯ್ತು, ಈ ಗೇಟು ದಾಟಿ ಒಂದು ರಾತ್ರಿ ಆಚೆ ಉಳಿದಿಲ್ಲ ನಾನು." ಅಂದವಳು ನಕ್ಕಳು. "ಇರ್ಲಿ, ಗಿಡ ತೋರಿಸಿ."

ಪಾಚಿ ಮಾದರಿಗೆಂದು ತಂದಿದ್ದ ಗಿಡಗಳಲ್ಲಿ ಮೊದಲು ನೈದಿಲೆ ತೋರಿಸಿದ. ಕುಂಡದಲ್ಲಿ ನೆಟ್ಟು ಮುಳುಗಿಸಿದರೆ ಮೂರು ತಿಂಗಳಲ್ಲಿ ಹೂ. ಅವಳಿಗೆ ಹೂ ಬೇಡ. ಅಂಚಿಗೆ ಜೊಂಡು, ಬಜೆ? ಎತ್ತರದ್ದು ಬೇಡವೇ ಬೇಡ. ಅಂತರಗಂಗೆಯನ್ನು ಬೊಗಸೆಯಲ್ಲಿ ಎತ್ತಿ ಹಿಡಿದ.

"ಎಲೆಕೋಸಿನ ಥರ ಇದೆ. ಚಪ್ಪಟೆಯಾಗಿ, ಒಂದೇ ಸಮ ಇರೋದು ಯಾವುದು?"

"ಅಜೋಲಾ ಅಂತಿದೆ ಮೇಡಂ, ನೀರಿನ ಮೇಲೆ ತೇಲೋ ಪುಟ್ಟ ಗಿಡ. ದೂರದಿಂದ ನೋಡಿದ್ರೆ ಥೇಟ್ ಹುಲ್ಲೇ. ಈ ಸೆಕೆಗೆ ನಾಲ್ಕೈದು ದಿನಕ್ಕೆ ಎರಡರಷ್ಟಾಗುತ್ತೆ. ಆದ್ರೆ ಪೂರ್ತಿ ಮುಚ್ಚಕ್ಕೆ ಬಿಡಬಾರದು, ಅರ್ಧ ನೀರು ಕಾಣ್ತಿರ್ಬೇಕು. ಇಲ್ದಿದ್ರೆ ಕೆಳಗೆ ಮೀನು ಉಸಿರುಕಟ್ಟಿ ಸಾಯ್ತವೆ."

"ಮೀನು ಬಿಡಲ್ಲ. ಯಾವಾಗ್ಲೂ ಹೀಗೇ ಹಸಿರಾಗಿರುತ್ತಾ?"

"ಬಿಸಿಲು ಜಾಸ್ತಿ ಬಿದ್ರೆ ಕೆಂಪಗಾಗುತ್ತೆ."

"ಅಯ್ಯೋ, ಕೆಂಪಾಗ್ಬಾರ್ದು," ಅಂದಳು ತಟ್ಟನೆ. "ಕೆಂಪಾಗ್ದೇ ಇರಕ್ಕೆ ಏನು ಮಾಡ್ಬೇಕು?"

ಮೇಲೆ ನೆರಳು ಬಲೆ ಕಟ್ಟಿ ಎಂದ ಪಾಚಿ. ಎಷ್ಟು ನೆರಳಿನದು, ಎಷ್ಟು ಎತ್ತರಕ್ಕೆ, ಎಲ್ಲವನ್ನೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ವಿವರಿಸಿದ. ಅವಳು ಒಂದೊಂದನ್ನೂ ಬರೆದುಕೊಂಡಳು. ತನ್ನ ಮಾತನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆಂಬ ಖುಷಿಯಲ್ಲಿ, ಅವಳು ಕೇಳುತ್ತಿರುವುದೇನು ಎಂದು ಯೋಚಿಸುವಷ್ಟು ಬುದ್ಧಿ ಅವನಿಗೆ ಉಳಿಯಲಿಲ್ಲ.

ನಾಲ್ಕು ದಿನ ಬಿಟ್ಟು ಎರಡು ಬುಟ್ಟಿ ಅಜೋಲಾ ಹೊತ್ತು ಹೋದಾಗ ಬಲೆ ಕಟ್ಟಿಯಾಗಿತ್ತು. ಕಲ್ಲಿನ ಅಂಚು ಇರಲಿಲ್ಲ. ಕಿತ್ತ ಜಾಗಕ್ಕೆ ಮಣ್ಣಿನ ಸಮೇತ ಕತ್ತರಿಸಿದ ಹುಲ್ಲಿನ ಹಾಸುಗಳನ್ನು ತಂದು ಕೊಳದ ಬಾಯಿಯವರೆಗೆ ಒತ್ತಿ ಕೂರಿಸಿದ್ದರು. ಕೊಳಕ್ಕೆ ನೀರನ್ನೂ ಅಂಚಿನವರೆಗೆ ತುಂಬಿಸಿದ್ದರು.

"ಕಲ್ಲು ಯಾಕೆ ತೆಗೆಸಿದ್ರಿ ಮೇಡಂ?"

"ಅಸಹ್ಯವಾಗಿತ್ತು. ಈಗ ನೋಡಿ, ಎಷ್ಟು ನೀಟಾಗಿದೆ."

ಪಾಚಿ ಬುಟ್ಟಿ ಕೆಳಗಿಳಿಸಲಿಲ್ಲ. "ಅಜ್ಜಿ ಓಡಾಡ್ತಾರಲ್ಲ ಇಲ್ಲಿ?"

"ನಮ್ಮತ್ತೆನ ನೋಡ್ಕೊಳ್ಳೋದು ನಂಗೆ ಗೊತ್ತು. ನೀನು ಗಿಡ ಬಿಟ್ಟು ಹೋಗು."

ಬಹುವಚನ ಅಲ್ಲಿಗೆ ಮುಗಿದಿತ್ತು. ಪಾಚಿ ಬುಟ್ಟಿಗಳನ್ನು ಅಲ್ಲೇ ಕುಕ್ಕಿ, ತಿರುಗಿ ನೋಡದೆ ಹೊರಟ. ಬೆನ್ನ ಹಿಂದೆ ಅವಳೇ ಬಗ್ಗಿ ಬುಟ್ಟಿ ಸುರಿಯುವ ಸದ್ದು ಕೇಳಿಸಿತು.

ನರ್ಸರಿಯಲ್ಲಿ ಮಾವ ಕುಂಡಗಳಿಗೆ ಗೊಬ್ಬರ ತುಂಬುತ್ತಿದ್ದ. ಪಾಚಿ ಹಲ್ಲು ಕಡಿಯುತ್ತಾ ಎಲ್ಲವನ್ನೂ ಹೇಳಿದ.

"ಲೋ, ನಿಂಗೇನಾದ್ರೂ ಗಾಳಿಗೀಳಿ ಹಿಡಿದಿದೆಯಾ?" ಅಂದ ಮಾವ. "ಸೊಸೆ ಕೊಳಕ್ಕೆ ಗಿಡ ಹಾಕ್ಸಿದ್ರೆ ಅತ್ತೆನ ಸಾಯ್ಸಕ್ಕೆ ಅಂತೀಯಲ್ಲೋ."

"ಕಲ್ಲು ಕಿತ್ತಿದಾಳೆ ಮಾವ. ಹಸಿರು ಯಾವುದು, ನೀರು ಯಾವುದು, ನಂಗೇ ಗೊತ್ತಾಗಲ್ಲ ಇನ್ನೊಂದು ವಾರಕ್ಕೆ. ಕೆಂಪಾಗ್ದಂಗೆ ಇಡೋದು ಹೇಗೆ ಅಂತ ನಾನೇ ಹೇಳ್ಕೊಟ್ಟೆ. ನಾನೇ!"

"ಹೇಳ್ಕೊಟ್ಟೆ, ಮುಗೀತು. ದೊಡ್ಡೋರ ಮನೆ ವಿಷ್ಯಕ್ಕೆ ಮೂಗು ತೂರಿಸ್ಬೇಡ. ನಾಳೆ ಪೊಲೀಸು ಗಿಲೀಸು ಅಂತ ಬಂದ್ರೆ ನಿನ್ನ ಮಾತು ನಂಬ್ತಾರಾ, ಅವಳ ಮಾತಾ? ಹೋಗು, ತಾವರೆ ಗಡ್ಡೆ ತೊಳಿ."

ಪಾಚಿ ತೊಳೆದ. ಎಷ್ಟು ಜೋರಾಗಿ ತೊಳೆದನೆಂದರೆ ಗಡ್ಡೆಗಳ ಮೊಳಕೆ ಮುರಿದವು. ಮಾವ ಹೇಳಿದ್ದು ನಿಜವೇ, ಅದೇ ಅವನ ಹೊಟ್ಟೆ ಉರಿಸಿದ್ದು. ಕೆಸರು ಮೆತ್ತಿಕೊಂಡವನ ಮಾತು ಯಾವ ಠಾಣೆಯಲ್ಲಿ ನಿಲ್ಲುತ್ತದೆ?

ಆ ಕಡೆ ಹೋಗದಂತೆ ಕಾಯುತ್ತಿದ್ದ ಮಾವನ ಕಣ್ಣು ತಪ್ಪಿಸಲು ಎಂಟು ದಿನ ಹಿಡಿಯಿತು. ಒಂಬತ್ತನೆಯ ಬೆಳಿಗ್ಗೆ, ಬಲೆ ಬಿಗಿದ ಉದ್ದನೆಯ ಕೋಲು ಹಿಡಿದು ಆ ಮನೆಯ ಹಿಂದಿನ ಗೇಟು ತಳ್ಳಿ ಒಳಗೆ ಹೋದ. ಅಜೋಲಾವನ್ನೆಲ್ಲ ಬಾಚಿ ಎಸೆದುಬಿಡುವುದು, ಬೈದರೆ ಬೈಯಲಿ ಎಂದು ತೀರ್ಮಾನಿಸಿಕೊಂಡೇ ಬಂದಿದ್ದ.

ಕೊಳ ಇರಲಿಲ್ಲ. ಗೋಡೆಯಿಂದ ಗೋಡೆಗೆ ಒಂದೇ ಹಸಿರು. ನೀರು ಎಲ್ಲಿದೆ ಎಂದು ನೆರಳು ಬಲೆಯ ಕಂಬಗಳನ್ನು ನೋಡಿ ಲೆಕ್ಕ ಹಾಕಬೇಕಾಯಿತು. ಮುದುಕಿ ಆಗಲೇ ನಡೆಯುತ್ತಿದ್ದಳು. ಈ ಸಲ ಸುತ್ತು ಹಾಕುತ್ತಿರಲಿಲ್ಲ. ನೇರವಾಗಿ ಬರುತ್ತಿದ್ದಳು.

"ಅಜ್ಜೀ! ನಿಂತ್ಕೊಳಿ!"

ಕೋಲು ಎಸೆದು ಓಡಿದ. ಅವಳ ತೋಳು ಹಿಡಿದಾಗ ಕೊಳದ ಅಂಚಿಗೆ ಇನ್ನೆರಡು ಹೆಜ್ಜೆ ಉಳಿದಿತ್ತು.

"ಯಾರಪ್ಪಾ ನೀನು? ಕೈ ನೋಯುತ್ತೆ, ಬಿಡು."

"ಗಿಡದೋನು ಅಜ್ಜಿ. ಮುಂದೆ ಕೊಳ ಇದೆ."

"ಕೊಳ ಎಲ್ಲಿದೆಯಪ್ಪಾ ಈಗ? ಮಣ್ಣು ಹಾಕಿ ತುಂಬಿಸಿ ಹುಲ್ಲು ಬೆಳೆಸಿದೀವಿ, ಇನ್ನು ಸುತ್ತಾಕೋದು ಬೇಡ, ನೇರ ನಡೀರಿ ಅತ್ತೆ ಅಂತ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದ್ಲಲ್ಲ ನಮ್ಮ ಸೊಸೆ."

ಅನುಮಾನ ಬೇರೆ, ಅದನ್ನು ಹೀಗೆ ಕಿವಿಯಾರೆ ಕೇಳುವುದು ಬೇರೆ. ಪಾಚಿ ಅವಳನ್ನು ಕೈಹಿಡಿದು ಕೊಳದ ಅಂಚಿನವರೆಗೆ ನಡೆಸಿದ. ಮುದುಕಿಯನ್ನು ಮೆಲ್ಲಗೆ ಕೂರಿಸಿ, ಅಜೋಲಾವನ್ನು ಅಂಗೈಯಿಂದ ಸರಿಸಿ, ಅವಳ ಕೈಯನ್ನು ಹಿಡಿದು ಕೆಳಗಿಳಿಸಿದ. ಬೆರಳು, ಮುಂಗೈ, ಮೊಣಕೈ. ನೀರು ಮುಗಿಯಲಿಲ್ಲ.

ಮುದುಕಿ ಬಹಳ ಹೊತ್ತು ಕೈಯನ್ನು ನೀರಿನಲ್ಲೇ ಇಟ್ಟುಕೊಂಡಿದ್ದಳು. ಆಮೇಲೆ ತೆಗೆದು, ಬೆರಳಿಗಂಟಿದ ಹಸಿರನ್ನು ಒಂದೊಂದಾಗಿ ಬಟ್ಟೆಗೆ ಒರೆಸಿಕೊಂಡಳು.

"ಇದನ್ನೆಲ್ಲ ಈಗ್ಲೇ ಬಾಚಿ ಎಸೀತೀನಿ ಅಜ್ಜಿ. ನಿಮ್ಮ ಮಗನ ನಂಬರ್ ಕೊಡಿ, ಫೋನ್ ಮಾಡ್ತೀನಿ."

"ಬೇಡ."

"ಬೇಡ ಅಂದ್ರೆ? ನಿಮ್ಮನ್ನ ಸಾಯ್ಸಕ್ಕೆ—"

"ಮೆಲ್ಲಗೆ ಮಾತಾಡು ಮಗಾ." ಅವಳ ದನಿ ಒಂಚೂರೂ ನಡುಗಲಿಲ್ಲ. "ನನ್ನ ಮಗ ನಂಬಲ್ಲ. ನಾನು ಹೆತ್ತಿದೀನಿ, ನಂಗೆ ಗೊತ್ತು. ನೀನು ಏನನ್ನೂ ಮುಟ್ಬೇಡ. ಇದು ಎಲ್ಲಿದೆ ಅಂತ ನಂಗೀಗ ತಿಳೀತು, ಕಾಲಳತೆಯಲ್ಲಿ ತಪ್ಪಿಸ್ಕೊಂಡು ನಡೀತೀನಿ. ಇದನ್ನ ತೆಗೆದುಬಿಟ್ರೆ ಮುಂದಿನ ಬೋನು ಎಲ್ಲಿಡ್ತಾಳೋ, ಅದು ನಂಗೆ ಕಾಣುತ್ತಾ? ಅನ್ನ ಕಲಸಿ ಕೊಡೋದೂ ಅವಳೇ, ಮಾತ್ರೆ ಬಿಡಿಸಿ ಕೊಡೋದೂ ಅವಳೇ."

ಮನೆಯ ಇನ್ನೊಂದು ಮಗ್ಗುಲಲ್ಲಿ ಅಡುಗೆಮನೆಯ ಕಿಟಕಿ ತೆರೆದ ಸದ್ದಾಯಿತು. "ಅತ್ತೇ, ಯಾರ ಹತ್ರ ಮಾತು? ಬನ್ನಿ, ಮಾತ್ರೆ ಹೊತ್ತಾಯ್ತು!"

"ಬಂದೆ ಮಗಳೇ!" ಎಂದು ನಗುನಗುತ್ತಾ ಕೂಗಿದ ಮುದುಕಿ, ಪಾಚಿಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಎದ್ದಳು. ಎದ್ದವಳು, "ಕೈ ಹಾಕಿದ ಜಾಗ ಕಪ್ಪಗೆ ಕಾಣ್ತಿರಬೇಕು, ಅವಳ ಕಣ್ಣಿಗೆ ಬೀಳೋ ಮುಂಚೆ ಸರಿಮಾಡು," ಎಂದು ಪಿಸುಗುಟ್ಟಿ, ಬಾಯಲ್ಲಿ ಹೆಜ್ಜೆ ಎಣಿಸುತ್ತಾ ಮನೆಯ ಕಡೆಗೆ ನಡೆದಳು.

ಪಾಚಿ ಮಂಡಿಯೂರಿದ. ಅಕ್ಕಪಕ್ಕದ ಹಸಿರನ್ನು ಎರಡೂ ಕೈಯಿಂದ ಎಳೆದು, ಚೂರೂ ನೀರು ಕಾಣದ ಹಾಗೆ ಮುಚ್ಚಿದ.